ಎರಡನೆಯ ತಿರುವಿನ ಕಣ್ಣು

ಮೊಲೇಫಿ ರಸ್ತೆಯ ಮೇಲೆ ಅಂಗಾತ ಬಿದ್ದಿದ್ದ. ಅವನ ಟ್ರಾಲಿ ಕಸದ ಲಾರಿಯ ಹಿಂಬದಿಗೆ ಅರ್ಧ ಹೊಕ್ಕು ನಿಂತಿತ್ತು. ದೊಡ್ಡ ಬಿಳಿ ಚೀಲ ಉದ್ದಕ್ಕೆ ಹರಿದಿತ್ತು. ಹಾಲಿನ ಡಬ್ಬಿ, ರಟ್ಟು, ಪ್ಲಾಸ್ಟಿಕ್ ಬಾಟಲಿ, ಎಲ್ಲ ಇಳಿಜಾರಿನಲ್ಲಿ ತಾವಾಗಿಯೇ ಉರುಳಿಕೊಂಡು ಕೆಳಗೆ ಬರುತ್ತಿದ್ದವು. ಕಾಲಿಗೆ ತಾಗಿದ ಬಾಟಲಿಯನ್ನು ನಮ್ಮ ಜನ ಹೆಕ್ಕದೆ ಬಿಟ್ಟದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಚಳಿಗಾಲ. ಸೂರ್ಯ ಆಗ ತಾನೇ ಗಣಿಮಣ್ಣಿನ ದಿಬ್ಬದ ಮೇಲೆ ಬಂದಿದ್ದ. ನಾನು ಇಳಿಜಾರಿನ ಬುಡದ ಗುಜರಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಸದ್ದು ಕೇಳಿತು. ಸಾಲು ಬಿಟ್ಟು ಎಲ್ಲರೂ ಓಡಿದರು. ನಾನು ನಡೆದೆ. ನನ್ನ ವಯಸ್ಸಿನಲ್ಲಿ ಓಡಿದರೂ ನಡೆದರೂ ಹೋಗಿ ಮುಟ್ಟುವ ಹೊತ್ತು ಒಂದೇ.

ನಾನು ಹೋಗುವಷ್ಟರಲ್ಲಿ ಮೊಲೇಫಿಯ ಮೇಲೆ ಯಾರೋ ಹಳದಿ ಕಂಬಳಿ ಹೊದಿಸಿದ್ದರು. ಅದು ಕಣ್ಣಿನ ಕಂಬಳಿ. ಅದನ್ನು ನೋಡಿದ ಮೇಲೆ ಎಲ್ಲರ ಮುಖವೂ ಸೆಲ್ಲೊ ಕಡೆಗೆ ತಿರುಗಿತು. ಅವತ್ತಿನ ಕಣ್ಣು ಅವನು. ಗೋಡೆಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದ.

ನಾವು ಜೊಹಾನ್ಸ್‌ಬರ್ಗ್‌ನ ಕಸ ಆಯುವವರು. ಹೆಚ್ಚಿನವರು ಲೆಸೊಥೊದ ಗುಡ್ಡಗಳಿಂದ ಬಂದವರು. ಮೇಲ್ಸೇತುವೆಯ ಅಡಿಯೇ ಮನೆ. ಬೆಳಗಾಗುವ ಮೊದಲು ಗುಡ್ಡ ಹತ್ತಿ ದೊಡ್ಡವರ ಮನೆಯ ತೊಟ್ಟಿಗಳಿಗೆ ಕೈ ಹಾಕುತ್ತೇವೆ. ಹತ್ತುವಾಗ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ ಕಾರಿನ ಗಾಜು ಮೇಲೇರುತ್ತದೆ. ಇಳಿಯುವುದು ಬೇರೆ. ಹುಡುಗರು ತುಂಬಿದ ಟ್ರಾಲಿಯ ಹಿಂಬದಿಗೆ ಏರಿ ನಿಂತು, ರಸ್ತೆಗೆ ಬಿಟ್ಟುಬಿಡುತ್ತಾರೆ. ಬಲಗಾಲಿನ ಬೂಟೇ ಬ್ರೇಕು. ಅದಕ್ಕೆ ಟಯರಿನ ಅಟ್ಟೆ. ಕಾರುಗಳು ತಾವೇ ಪಕ್ಕಕ್ಕೆ ಸರಿಯುತ್ತವೆ. ಸತ್ತವರಿದ್ದಾರೆ. ಮರುದಿನ ಇನ್ನೊಬ್ಬ ಇಳಿಯುತ್ತಾನೆ. ಯಾಕಪ್ಪಾ ಹೀಗೆ ಎಂದು ರೊಟ್ಟಿ ಹಂಚಲು ಬಂದ ಪಾದ್ರಿ ಕೇಳಿದ್ದಕ್ಕೆ ಮೊಲೇಫಿ ಹೇಳಿದ್ದ: “ದಿನ ಪೂರ್ತಿ ನಾನು ಕಸಾನ ಎಳೀತೀನಿ ಸ್ವಾಮಿ. ಇಲ್ಲಿ ಮಾತ್ರ ಕಸ ನನ್ನ ಎಳ್ಕೊಂಡು ಹೋಗುತ್ತೆ.”

ಇಳಿಜಾರಿಗೆ ಎರಡು ತಿರುವು. ಎರಡನೆಯದರ ಆಚೆ ಏನು ಬರುತ್ತಿದೆ ಎಂದು ಇಳಿಯುವವನಿಗೆ ಕಾಣುವುದಿಲ್ಲ. ಅದಕ್ಕೇ ಅಲ್ಲೊಬ್ಬ ಹಳದಿ ಕಂಬಳಿ ಹೊದ್ದು ನಿಲ್ಲುತ್ತಾನೆ. ಅವನನ್ನು ಕಣ್ಣು ಎನ್ನುತ್ತೇವೆ. ಎರಡೂ ಕೈ ಎತ್ತಿದರೆ ದಾರಿ ಖಾಲಿ. ಕೈ ಕೆಳಗಿದ್ದರೆ ಬೂಟು ಊರಬೇಕು. ಮೊದಲ ತಿರುವು ದಾಟಿದವನು ತನ್ನ ಜೀವವನ್ನು ಆ ಕೈಗಳಿಗೆ ಒಪ್ಪಿಸುತ್ತಾನೆ.

ಪೊಲೀಸರು ಬಂದರು, ಲಾರಿಯ ಚಾಲಕನನ್ನು ವಿಚಾರಿಸಿದರು, ಅಪಘಾತ ಎಂದು ಬರೆದುಕೊಂಡರು. ಶವದ ಗಾಡಿಯವರು ಕಂಬಳಿಯನ್ನು ತೆಗೆದು ಪಕ್ಕಕ್ಕೆ ಎಸೆದು ಮೊಲೇಫಿಯನ್ನು ಒಯ್ದರು. ಕಂಬಳಿಯನ್ನು ನಾನು ಮಡಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡೆ.

* * *

ಸೇತುವೆಯ ಕೆಳಗೆ ಗಂಡಸರು ಸೆಲ್ಲೊನ ಬೂಟುಗಳನ್ನು ಕಿತ್ತು ಅವನನ್ನು ಕಂಬದ ಬುಡದಲ್ಲಿ ಕೂರಿಸಿದರು. ಬರಿಗಾಲು ಮಂಜಿನ ಮೇಲೆ. ತಪ್ಪು ಮಾಡಿದ ಕಣ್ಣಿಗೆ ನಮ್ಮಲ್ಲಿ ಒಂದೇ ಶಿಕ್ಷೆ. ಎರಡೂ ಪಾದವನ್ನು ಇಟ್ಟಿಗೆಯಿಂದ ಜಜ್ಜುವುದು. ಪಾದ ಹೋದವನು ಟ್ರಾಲಿ ಎಳೆಯಲಾರ. ಟ್ರಾಲಿ ಎಳೆಯದವನು ಈ ಊರಲ್ಲಿ ಒಂದು ಚಳಿಗಾಲ ದಾಟಲಾರ. ಒಮ್ಮೆ ಆದದ್ದನ್ನು ನಾನು ನೋಡಿದ್ದೇನೆ. ಆ ಮನುಷ್ಯ ಮಳೆಗಾಲ ಕಾಣಲಿಲ್ಲ.

ಮಾತೆತ್ತಿದವನು ಕಬೇಲೊ. ಮೊಲೇಫಿಯ ಜೊತೆಗಾರ. ಇಬ್ಬರೂ ಒಂದೇ ಹಳ್ಳಿಯಲ್ಲಿ ದನ ಕಾಯ್ದವರು, ಇಲ್ಲಿ ಒಂದೇ ರಟ್ಟಿನ ಮೇಲೆ ಮಲಗಿದವರು. ಅವನು ಸತ್ತವನ ಬಲಗಾಲಿನ ಬೂಟನ್ನು ಬಿಚ್ಚಿ ತಂದಿದ್ದ. ಅದನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿದ. ಟಯರಿನ ಗೀರುಗಳಲ್ಲಿ ನಮ್ಮ ಸೇತುವೆಯಡಿಯ ಹೊಳೆದಾರಿಯ ಕೆಂಪು ಮಣ್ಣು ಹಾಗೇ ಕಚ್ಚಿಕೊಂಡಿತ್ತು. ರಸ್ತೆಗೆ ಒಂದು ಸಲ ಊರಿದ್ದರೂ ಆ ಮಣ್ಣು ಸುಟ್ಟು ಹೋಗಿರುತ್ತಿತ್ತು.

“ಅವನು ಬ್ರೇಕೇ ಹಾಕಿಲ್ಲ. ಯಾಕೆ ಹಾಕಿಲ್ಲ? ಕೈ ಎತ್ತಿದ್ದು ಕಾಣಿಸ್ತು, ಅದಕ್ಕೆ. ಲಾರಿ ಹಿಂದಕ್ಕೆ ಬರ್ತಿದೆ, ಇವನು ಕೈ ಎತ್ತಿದಾನೆ.”

ಸೆಲ್ಲೊ ತಲೆ ಎತ್ತದೆ ಹೇಳಿದ. “ನಾನು ಕೈ ಎತ್ತಿಲ್ಲ. ಕೆಳಗೇ ಇಟ್ಕೊಂಡಿದ್ದೆ. ಅವನೇ ನೋಡಿಲ್ಲ.”

“ಮೊಲೇಫಿ ನೋಡಿಲ್ವಾ? ಕತ್ತಲಲ್ಲಿ ತೊಟ್ಟಿ ಒಳಗಿರೋ ಸೂಜಿ ಕಾಣೋನು ಅವನು.”

ಇಬ್ಬರಿಗೂ ಮೊದಲೇ ಜಗಳವಿತ್ತು. ದಿನದ ಮೊದಲ ಇಳಿತ ಮೊಲೇಫಿಯದು. ಸೆಲ್ಲೊಗೆ ಅದು ಬೇಕಿತ್ತು. ಹಿಂದಿನ ವಾರ ಎಲ್ಲರೆದುರು ಮೊಲೇಫಿ ಅವನನ್ನು ಹಂಗಿಸಿದ್ದ, ಮರಿಕತ್ತೆಗೆ ಗುಡ್ಡ ಯಾಕೋ ಎಂದು. ನಕ್ಕವರೆಲ್ಲ ಈಗ ಅದನ್ನೇ ನೆನಪಿಸಿಕೊಂಡರು.

ನಮ್ಮ ಹಿರಿಯ ಮೊಹಾಪಿ ಬೆಂಕಿಯ ಪಕ್ಕದಲ್ಲಿ ತನ್ನ ಬೂದು ಕಂಬಳಿಗೆ ಭುಜದ ಮೇಲೆ ಪಿನ್ನು ಚುಚ್ಚಿ ಹೊದ್ದು ಕುಳಿತಿದ್ದ. ಅವನನ್ನು ಮೊರೇನ, ಅಂದರೆ ದೊರೆ, ಎಂದು ಹುಡುಗರು ತಮಾಷೆಗೆ ಕರೆಯಲು ತೊಡಗಿದ್ದು ಆಮೇಲೆ ನಿಜವೇ ಆಯಿತು. ಯಾವ ಬೀದಿ ಯಾರಿಗೆ, ಯಾರು ಎಲ್ಲಿ ಮಲಗಬೇಕು, ಎಲ್ಲ ಅವನ ಬಾಯಿಂದ. ಹೊತ್ತು ಮುಳುಗುವಾಗ ಕೂಡೋಣ, ಅಲ್ಲಿಯವರೆಗೆ ಇವನನ್ನು ಯಾರೂ ಮುಟ್ಟಬಾರದು ಎಂದ.

ಆಗ ಮಪಾಲೊ ಟ್ರಾಲಿ ನೂಕಿಕೊಂಡು ಬಂದಳು. ಸೆಲ್ಲೊನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದವಳು. ಬೇಕಾದ್ದಕ್ಕಿಂತ ಕಡಿಮೆ ಮಾತಾಡುವವಳು, ಬೇಕಾದ್ದಕ್ಕಿಂತ ಹೆಚ್ಚು ನೋಡುವವಳು. ಎಲ್ಲವನ್ನೂ ಕೇಳಿದಳು. ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಬೇಲೊ ಹೇಳಿದ್ದು ನಿಜ ಎಂದು ಅವಳ ಮುಖವೇ ಒಪ್ಪಿತು.

“ಸಂಜೆವರೆಗೂ ಟೈಮಿದೆಯಲ್ಲ ಮೊರೇನ,” ಎಂದಳು. ನನ್ನ ಕಡೆ ತಿರುಗಿದಳು. “ಬನ್ನಿ ಅಜ್ಜ.”

* * *

ಅವಳು ಮೊದಲು ಹೋದದ್ದು ಗುಡ್ಡದ ಮೇಲಿನ ಬಡಾವಣೆಯ ಗೇಟಿಗೆ. ಅಲ್ಲಿನ ಕಾವಲುಗಾರರಿಗೆ ನಮ್ಮನ್ನು ಕಂಡರಾಗದು. ಇಳಿಜಾರಿಗೆ ಎಣ್ಣೆ ಸುರಿದು ನಿಮ್ಮನ್ನೆಲ್ಲ ಮೀನಿನ ಹಾಗೆ ಜಾರಿಸುತ್ತೇವೆ ಎಂದು ಎರಡು ಸಲ ಹೆದರಿಸಿದ್ದರು. ಎರಡನೆಯ ತಿರುವಿನಲ್ಲಿ ಎಣ್ಣೆಯ ಕಲೆ ಇದ್ದದ್ದೂ ನಿಜ. ಆದರೆ ಮಪಾಲೊ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಬೆರಳು ಎಳೆದಳು. ಮೇಲೆ ಮರಳು ಹರಡಿತ್ತು, ಮರಳಿನ ಮೇಲೆ ಗಾಡಿಗಳ ಗುರುತಿತ್ತು. ಹಳೆಯದು.

ಗೇಟಿನಲ್ಲಿದ್ದವನು ಕಬೊಂಗೊ ಎಂಬ ಕಾಂಗೊದವನು. ಅವನೂ ನಮ್ಮಂತೆ ಹೊರಗಿನವನು, ಆದರೆ ಸಮವಸ್ತ್ರದಲ್ಲಿರುವ ಹೊರಗಿನವನು.

“ಎಣ್ಣೆ ನಾವು ಹಾಕಿಲ್ಲ ತಾಯಿ. ಹಾಕೋ ಹಾಗಿದ್ರೆ ನನಗೇ ಹೇಳ್ತಿದ್ರು, ಇಂಥ ಕೊಳಕು ಕೆಲಸವೆಲ್ಲ ನನ್ನ ತಲೆಗೇ ಬರೋದು. ನಮ್ಮ ಸಾಹೇಬನಿಗೆ ಎಣ್ಣೆ ಯಾಕೆ? ನಿಮ್ಮ ಈ ಜಾರಾಟ ನಿಲ್ಲದಿದ್ರೆ ಸೇತುವೆ ಕೆಳಗೆ ಎಲ್ಲ ಕಿತ್ತುಹಾಕೋ ಯಂತ್ರ ಕಳಿಸ್ತೀನಿ ಅಂತ ನಿಮ್ಮೋರಿಗೆ ಹೇಳಿಯಾಗಿದೆ.”

ನಮ್ಮವರಲ್ಲಿ ಯಾರಿಗೆ ಎಂದು ಅವಳು ಕೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ಸಾಹೇಬ ಕಾರಿನಲ್ಲಿ ಕೂತು ಮಾತಾಡಿದ್ದ. ಹೊರಡುವಾಗ ಕಬೊಂಗೊ ಸುಮ್ಮನೆ ಮಾತಿಗೆ ಎಂಬಂತೆ ಇನ್ನೊಂದು ಹೇಳಿದ.

“ನಿನ್ನ ತಮ್ಮನಿಗೆ ಇವತ್ತೇನು ನಾಯಿ ಅಟ್ಟಿಸಿಕೊಂಡು ಬಂದಿತ್ತಾ? ಹೊತ್ತು ಹುಟ್ಟೋ ಮುಂಚೆ ಓಡೋಡಿ ಬಂದು ತೊಟ್ಟಿ ತಡಕಾಡ್ತಿದ್ದ.”

ಮಪಾಲೊ ಆಗಲೇ ಇಳಿಜಾರಿನ ಕಡೆ ತಿರುಗಿದ್ದಳು. ಸ್ವಲ್ಪ ದೂರ ಬಂದ ಮೇಲೆ ನನಗೆ ಹೇಳಿದಳು. ಅವತ್ತು ಅವಳು ತನ್ನ ಬೀದಿಗೆ ಹೋದಾಗ ತೊಟ್ಟಿಗಳನ್ನು ಆಗಲೇ ಯಾರೋ ಆಯ್ದಿದ್ದರು. ಬಾಟಲಿಗಳನ್ನು ಬೇರೆ ಮಾಡಿ ಚೀಲಕ್ಕೆ ತುಂಬಿ ಬೇಲಿಗೆ ತೂಗುಹಾಕಿದ್ದರು. ಅವಳ ತಮ್ಮ ಮಾಡುವುದೇ ಹಾಗೆ. ಪಾಪ, ಅಕ್ಕನಿಗೆ ಕೆಲಸ ಹಗುರ ಮಾಡಿದನಲ್ಲ ಎಂದು ಖುಷಿಪಟ್ಟಿದ್ದಳು.

“ಮೇಲೆ ಬಾಟಲಿ ಆಯ್ತಿದ್ದೋನು ಕೆಳಗೆ ತಿರುವಲ್ಲಿ ಹೇಗೆ ನಿಂತ್ಕೋತಾನೆ ಅಜ್ಜ?”

* * *

ಸೆಲ್ಲೊ ಮೊದಲು ಒಪ್ಪಲಿಲ್ಲ. ಅವಳು ಅವನ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದಳು. ಬೆರಳು ನೀಲಿಯಾಗಿದ್ದವು. ಉಜ್ಜುತ್ತಲೇ ಬೇಲಿಯ ಚೀಲದ ವಿಷಯ ಹೇಳಿದಳು. ಆಗ ಅವನು ಅತ್ತ. ಹೌದು, ತಿರುವು ಬಿಟ್ಟು ಹೋಗಿದ್ದೆ ಎಂದ. ಲಾರಿ ಇವತ್ತು ಮೇಲಿನಿಂದ ಬರುತ್ತಿದೆ, ನಿನ್ನ ಬೀದಿಗೆ ನಿನಗಿಂತ ಮೊದಲೇ ಹೋಗುತ್ತದೆ ಎಂದು ಕೇಳಿದೆ, ಅದಕ್ಕೆ ಓಡಿದೆ, ಸದ್ದು ಕೇಳಿ ವಾಪಸ್ ಓಡಿ ಬಂದೆ.

“ಯಾರು ಹೇಳಿದ್ದು ಹಾಗಂತ?”

“ಯಾರೋ.”

“ಕಂಬಳಿ ಯಾರ ಕೈಗೆ ಕೊಟ್ಟೆ?”

“ಕಂಬಕ್ಕೆ ಹಾಕಿ ಹೋದೆ.”

ಅವಳು ಉಜ್ಜುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. “ಸಾಯೋಕೆ ಕೂತಿದೀಯ. ಇನ್ನೂ ಯಾರ ಮರ್ಯಾದೆ ಕಾಯ್ತಿದೀಯೋ?”

ಅವನು ಪಾದಗಳನ್ನು ಅವಳ ಮಡಿಲಿನಿಂದ ಎಳೆದುಕೊಂಡ. ಜಾಗ ಬಿಟ್ಟು ಹೋದ ಕಣ್ಣಿಗೂ ಅದೇ ಇಟ್ಟಿಗೆ. ನಿಜ ಹೇಳಿದರೂ ಉಳಿಯುತ್ತಿರಲಿಲ್ಲ. ಆದರೆ ಅವನ ಹೆದರಿಕೆಯ ಒಳಗೆ ಎಲ್ಲೋ ಒಂದು ಧೈರ್ಯವಿತ್ತು. ಯಾರೋ ಅವನಿಗೆ ಮಾತು ಕೊಟ್ಟಿದ್ದಾರೆ ಎಂದು ನನಗೆ ಅನ್ನಿಸಿತು. ಮಪಾಲೊಗೂ ಅನ್ನಿಸಿತ್ತು.

“ಇವನಿಗೆ ಯಾರೋ ಸಂಜೆ ಬಿಡಿಸ್ತೀನಿ ಅಂದಿದಾರೆ,” ಎಂದಳು ಎದ್ದು ನಿಲ್ಲುತ್ತ. “ನಂಬ್ಕೊಂಡು ಕೂತಿದಾನೆ ಕತ್ತೆ.”

* * *

ಲಾರಿಯ ಚಾಲಕ ವೂಸಿ ಲಾರಿಗಳು ನಿಲ್ಲುವ ಅಂಗಳದ ಹೊರಗೆ, ಕಟ್ಟೆಯ ಮೇಲೆ ಕುಳಿತಿದ್ದ. ಅವತ್ತು ಅವನಿಗೆ ಗಾಡಿ ಕೊಟ್ಟಿರಲಿಲ್ಲ. ಕೈಯಲ್ಲಿ ಕರಿದ ಹಿಟ್ಟಿನುಂಡೆ ಹಿಡಿದಿದ್ದ, ತಿಂದಿರಲಿಲ್ಲ. ನಾವು ಹೊಡೆಯಲು ಬಂದೆವೆಂದು ಎದ್ದು ನಿಂತ. ಮಪಾಲೊ ಅವನ ಪಕ್ಕದಲ್ಲಿ ಹೋಗಿ ಕೂತಳು. ಅವನೂ ಕೂತ.

ಅವನು ಲಾರಿಯನ್ನು ಯಾವತ್ತಿನಂತೆ ಕೆಳಗಿನಿಂದಲೇ ತಂದಿದ್ದ. ಅದೇ ದಾರಿ, ಅದೇ ದಿನ, ಅದೇ ಹೊತ್ತು. ತಿರುವಿನ ಪಕ್ಕದ ಓಣಿಯಿಂದ ಪ್ರತಿ ವಾರವೂ ಹಿಂದಕ್ಕೆ ಬರುವುದು. ಮೇಲಿನಿಂದ ಬರುವ ಮಾತೇ ಇರಲಿಲ್ಲ. ಅಲ್ಲಿಗೆ ಸೆಲ್ಲೊಗೆ ಯಾರೋ ಹೇಳಿದ್ದು ಸುಳ್ಳು ಎಂದಾಯಿತು.

“ಕನ್ನಡಿಯಲ್ಲಿ ಹಳದಿ ಕಂಬಳಿಯವನು ಕಾಣಿಸಿದ. ಕೈ ಎತ್ತಿದ್ದ. ನನಗೇ ಬಾ ಬಾ ಅಂತಿದಾನೆ ಅಂದ್ಕೊಂಡೆ ಅಕ್ಕ. ಒಳ್ಳೆ ಮನುಷ್ಯ, ಹಿಂದೆ ನೋಡ್ಕೊಳ್ತಿದಾನೆ ಅಂತ ಬಂದುಬಿಟ್ಟೆ.”

“ಎರಡು ಕೈನಾ?”

“ಒಂದು. ಬಲಗೈ. ಇನ್ನೊಂದು ಕಂಬಳಿ ಒಳಗಿತ್ತು. ಮುಖ ಕಾಣಿಸ್ಲಿಲ್ಲ.”

“ಸರಿಯಾಗಿ ಯೋಚನೆ ಮಾಡಿ ಹೇಳು.”

“ಅದೊಂದೇ ಅಕ್ಕ ಬೆಳಿಗ್ಗೆಯಿಂದ ಯೋಚನೆ ಮಾಡ್ತಿರೋದು.”

ಪೊಲೀಸರಿಗೆ ಇದನ್ನು ಹೇಳಿದೆಯಾ ಎಂದು ನಾನು ಕೇಳಿದೆ. ಹೇಳಿದ್ದನಂತೆ. ಅವರೂ ಬರೆದುಕೊಂಡಿದ್ದರಂತೆ. ಒಬ್ಬ ಮನುಷ್ಯ ಕೈ ಎತ್ತಿದ್ದು ಅಪರಾಧ ಹೇಗಾಗುತ್ತದೆ ಎಂದು ಅವರಿಗಾದರೂ ಹೇಗೆ ತಿಳಿಯಬೇಕು.

* * *

ದಾರಿಯಲ್ಲಿ ಮಪಾಲೊ ಕಂಬಳಿ ಕೇಳಿದಳು. ನಾನು ಚೀಲದಿಂದ ತೆಗೆದುಕೊಟ್ಟೆ. ಬಿಸಿಲಿಗೆ ಹಿಡಿದು ಅಂಚನ್ನು ಬೆರಳಲ್ಲಿ ಸವರುತ್ತ ಹೋದಳು. ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಎರಡು ತೂತುಗಳಿದ್ದವು. ದಪ್ಪ ಪಿನ್ನು ಚುಚ್ಚಿದ್ದು. ಎಳೆಗಳು ಈಗಷ್ಟೇ ಸರಿದಂತೆ ಇನ್ನೂ ಹೊಳೆಯುತ್ತಿದ್ದವು.

ಕಣ್ಣಿನ ಕಂಬಳಿಗೆ ಪಿನ್ನು ಹಾಕುವುದಿಲ್ಲ. ಹುಡುಗರು ಅದನ್ನು ಬೆನ್ನ ಮೇಲೆ ಬಿಟ್ಟು ಎರಡು ತುದಿಯನ್ನು ಗಂಟಲ ಬಳಿ ಗಂಟು ಹಾಕುತ್ತಾರೆ. ಆಗಲೇ ಎರಡು ಕೈಯೂ ಮೇಲೇಳುವುದು. ಲೆಸೊಥೊದಲ್ಲಿ ಗಂಡಸರು ಹೊದೆಯುವ ರೀತಿ ಬೇರೆ. ಪಟ್ಟೆಗಳು ಮೇಲಿಂದ ಕೆಳಕ್ಕೆ ಬರಬೇಕು, ಬಲಭುಜದ ಮೇಲೆ ಪಿನ್ನು ಬೀಳಬೇಕು. ಎಡಗೈ ಒಳಗೆ ಬೆಚ್ಚಗಿರುತ್ತದೆ, ಬಲಗೈ ಒಂದೇ ಹೊರಗೆ. ಪಟ್ಟಣದ ಹುಡುಗರು ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು.

ಮಪಾಲೊ ನನ್ನ ಬಲಭುಜ ನೋಡುತ್ತಿದ್ದಳು.

“ಅಜ್ಜ, ಸೇತುವೆ ಕೆಳಗೆ ಕಂಬಳಿಗೆ ಪಿನ್ನು ಹಾಕೋರು ಇಬ್ಬರೇ.”

“ಹೌದು.”

“ಬೆಳಿಗ್ಗೆ ಎಲ್ಲಿದ್ರಿ?”

ಗುಜರಿ ಅಂಗಡಿಯ ಸಾಲಿನಲ್ಲಿ ಎಂದೆ. ಅವಳು ನನ್ನ ಮಾತನ್ನು ಅಷ್ಟಕ್ಕೇ ನಂಬಲಿಲ್ಲ. ನನ್ನನ್ನು ಕರೆದುಕೊಂಡೇ ಅಂಗಡಿಗೆ ಹೋಗಿ ತಕ್ಕಡಿಯವನನ್ನು ಕೇಳಿದಳು. ಅವನು, ಈ ಮುದುಕ ಕದ ತೆಗೆಯುವ ಮೊದಲೇ ಬಂದು ನನ್ನ ಹೆಂಡತಿಗಿಂತ ಮುಂಚೆ ನನ್ನ ಮುಖ ನೋಡುತ್ತಾನೆ, ಇವತ್ತೂ ನೋಡಿದ ಎಂದ. ಅವಳು ನಗಲಿಲ್ಲ. ನನ್ನ ಪಿನ್ನನ್ನು ಬಿಚ್ಚಿಸಿ ತೂತಿಗೆ ಹಿಡಿದು ನೋಡಿದಳು. ನನ್ನದು ತಂತಿ ಬಗ್ಗಿಸಿ ಮಾಡಿದ್ದು, ಸಣ್ಣದು. ತೂತಿನಲ್ಲಿ ಸಡಿಲವಾಗಿ ಆಡಿತು.

ನನಗೆ ಬೇಜಾರಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಉಳಿದವನು ಒಬ್ಬ. ಇಬ್ಬರೂ ಆ ಹೆಸರನ್ನು ಬಾಯಿಗೆ ತರಲಿಲ್ಲ. ಸೇತುವೆಯ ಕಡೆ ತಿರುಗುವಾಗ ಅವಳು, ಹಿಂದೆ ಆ ಮನುಷ್ಯನಿಗೆ ಶಿಕ್ಷೆ ಕೊಟ್ಟಾಗ ಹೇಗೆ ಕೂತಿದ್ದರು, ಯಾರು ಏನು ಹೊದ್ದಿದ್ದರು, ಎಲ್ಲ ಹೇಳಿ ಎಂದಳು. ನೆನಪಿದ್ದದ್ದನ್ನು ಹೇಳಿದೆ. ತೂತು ತೋರಿಸಿದರೆ ಸಾಲದು ಎಂದೂ ಹೇಳಿದೆ. ಮೊರೇನನ ಮೇಲೆ ಒಂದು ತೂತಿನ ಮಾತನ್ನು ಯಾರು ನಂಬುತ್ತಾರೆ.

“ಗೊತ್ತು,” ಎಂದಳು.

* * *

ಹೊತ್ತು ಇಳಿಯುತ್ತಿತ್ತು. ಎಲ್ಲರೂ ಬೆಂಕಿಯ ಸುತ್ತ ಕೂತರು. ಜೋಳದ ಹಿಟ್ಟಿನ ಮುದ್ದೆ ಪಾತ್ರೆಯಲ್ಲಿ ಹಾಗೇ ಇತ್ತು, ಯಾರೂ ಬಡಿಸಿಕೊಂಡಿರಲಿಲ್ಲ. ಸೆಲ್ಲೊನನ್ನು ನಡುವೆ ತಂದು ಕೂರಿಸಿ ಕಾಲು ಚಾಚಿಸಿದರು. ಕಬೇಲೊ ಒಲೆಯಿಂದ ಒಂದು ಇಟ್ಟಿಗೆ ಎಳೆದು ಪಕ್ಕದಲ್ಲಿ ಇಟ್ಟುಕೊಂಡ.

ಮೊಹಾಪಿ ಮಾತು ಶುರುಮಾಡಿದ. ಆದದ್ದು ಆಗಿಹೋಯಿತು, ಯಾರ ಕೈಯೂ ಅಲ್ಲ, ಇಳಿಜಾರೇ ಅವನನ್ನು ತಿಂದಿತು, ಇನ್ನು ಮೇಲೆ ಯಾರೂ ಟ್ರಾಲಿ ಏರುವುದು ಬೇಡ, ಈ ಹುಡುಗನ ಕಾಲು ಬಿಡೋಣ ಎಂದ. ಗಂಡಸರು ಗೊಣಗಿದರು. ಕಬೇಲೊ ಇಟ್ಟಿಗೆಯ ಮೇಲೆ ಕೈಯಿಟ್ಟ.

“ಬೂಟಿನ ಮಣ್ಣು ಸುಳ್ಳು ಹೇಳುತ್ತಾ ಮೊರೇನ? ಇವನ ಕಾಲು ಬಿಟ್ರೆ ನಾಳೆ ನಿಲ್ಲೋ ಕಣ್ಣು ಯಾರಿಗೆ ಹೆದರುತ್ತೆ?”

ಹೌದು ಹೌದು ಎಂದಿತು ಗುಂಪು. ಮೊಹಾಪಿ ಇನ್ನೊಮ್ಮೆ ಹೇಳಿ ನೋಡಿದ. ಯಾರೂ ಕೇಳಲಿಲ್ಲ. ಅವನು ಸೆಲ್ಲೊ ಕಡೆ ನೋಡಿ ಕಣ್ಣು ತಪ್ಪಿಸಿದ. ಸೆಲ್ಲೊನ ಮುಖದಲ್ಲಿ ಇದ್ದ ಆ ಒಂದಿಷ್ಟು ಧೈರ್ಯ ಇಳಿದುಹೋಯಿತು.

ಮಪಾಲೊ ಎದ್ದಳು. ಮಡಿಸಿದ ಹಳದಿ ಕಂಬಳಿ ಅವಳ ಕೈಯಲ್ಲಿತ್ತು.

“ಕಣ್ಣಿನ ನ್ಯಾಯ ಹೇಳೋರು ಕಣ್ಣಿನ ಕಂಬಳಿ ಹೊದ್ದು ಹೇಳ್ಬೇಕು. ಹೋದ ಸಲ ಹಾಗೇ ಮಾಡಿದ್ರಂತೆ. ಅಲ್ವಾ ಅಜ್ಜ?”

ಹೌದು ಎಂದೆ. ಅದು ನಿಜವೇ.

ಮೊಹಾಪಿ ದಣಿದಿದ್ದ. ಎದ್ದು ನಿಂತು ತನ್ನ ಭುಜದ ಪಿನ್ನು ತೆಗೆದ. ಬೂದು ಕಂಬಳಿ ಕೆಳಗೆ ಬಿತ್ತು. ಹಳದಿ ಕಂಬಳಿಯನ್ನು ಸುತ್ತಿಕೊಂಡ. ಪಟ್ಟೆ ನೇರಮಾಡಿದ. ಅಂಚುಗಳನ್ನು ಬಲಭುಜಕ್ಕೆ ತಂದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಹಿತ್ತಾಳೆಯ ದಪ್ಪ ಪಿನ್ನು ಒಳಗೆ ಹೋಯಿತು. ಹೋದ ಮೇಲೆ ಅವನು ಸುಮ್ಮನೆ ನಿಂತ. ಬೆರಳು ಪಿನ್ನಿನ ಮೇಲೇ ಇತ್ತು. ಅವನಿಗೆ ಆಗ ತಿಳಿಯಿತು ಎಂದು ನನಗೂ ತಿಳಿಯಿತು.

“ಕಬೇಲೊ,” ಎಂದಳು ಮಪಾಲೊ. “ಆ ಪಿನ್ನು ಹೊಸ ತೂತು ಮಾಡ್ತಾ, ಹಳೇ ತೂತಿಗೆ ಹೋಯ್ತಾ, ನೋಡು.”

ಕಬೇಲೊ ಹತ್ತಿರ ಹೋಗಿ ಬಗ್ಗಿ ನೋಡಿದ. ತೂತು ಅವೇ. ಪಿನ್ನು ಅವುಗಳಲ್ಲಿ ಬಿಗಿಯಾಗಿ ಕೂತಿತ್ತು. “ಹಳೇ ತೂತೇ,” ಎಂದ.

ಅವಳು ಒಂದೊಂದಾಗಿ ಹೇಳಿದಳು. ಸೆಲ್ಲೊ ತಿರುವಿನಲ್ಲಿ ಇರಲಿಲ್ಲ, ಗೇಟಿನ ಕಾವಲುಗಾರ ಅವನನ್ನು ಮೇಲೆ ಕಂಡಿದ್ದಾನೆ, ಬೇಲಿಯಲ್ಲಿ ಚೀಲ ತೂಗುತ್ತಿತ್ತು. ಲಾರಿ ಮೇಲಿನಿಂದ ಬರುತ್ತದೆ ಎಂದು ಸುಳ್ಳು ಹೇಳಿ ಅವನನ್ನು ಓಡಿಸಿ, ಕಂಬಳಿ ತೆಗೆದುಕೊಂಡು ನಿಂತವನು ಬೇರೆ. ಲಾರಿಯವನು ಕಂಡದ್ದು ಒಂದೇ ಕೈ.

“ಹುಡುಗರು ಎರಡು ಕೈ ಎತ್ತೋದು. ಒಂದೇ ಕೈ ಎತ್ತೋನು ಪಿನ್ನು ಹಾಕಿದೋನು. ಮೊಲೇಫಿಗೂ ಒಂದೇ ಕೈ ಕಾಣಿಸಿರುತ್ತೆ. ಆದ್ರೆ ಕಂಬಳಿ ಹೊದ್ದ ರೀತಿ ಕಾಣಿಸ್ತಲ್ಲ. ದೊಡ್ಡೋರು ನಿಂತಿದಾರೆ ಅಂದ್ಕೊಂಡ. ದೊಡ್ಡೋರ ಒಂದು ಕೈ ಸಾಕು ಅಂದ್ಕೊಂಡ. ಅದಕ್ಕೇ ಅವನ ಬೂಟಲ್ಲಿ ಮಣ್ಣು ಹಾಗೇ ಉಳೀತು.”

ಸೆಲ್ಲೊ ಮೊಹಾಪಿಯನ್ನೇ ನೋಡುತ್ತಿದ್ದ. “ಸಂಜೆ ಬಿಡಿಸ್ತೀನಿ ಅಂದಿದ್ರಿ,” ಎಂದ. ಅಷ್ಟೇ.

ಮೊಹಾಪಿ ಕೂತ. ಇಲ್ಲ ಎನ್ನಲಿಲ್ಲ. ಬಡಾವಣೆಯ ಸಾಹೇಬ ಮೂರು ಸಲ ಕರೆಸಿದ್ದನ್ನು ಹೇಳಿದ. ಜಾರಾಟ ನಿಲ್ಲಲಿ, ಇಲ್ಲದಿದ್ದರೆ ಯಂತ್ರ ಬರುತ್ತದೆ, ಚಳಿಗಾಲದ ನಡುವೆ ಹೆಂಗಸರು ಮಕ್ಕಳು ಎಲ್ಲರೂ ಬಯಲಿಗೆ. ಮೊಹಾಪಿ ಹುಡುಗರಿಗೆ ಕೈಮುಗಿದಿದ್ದ. ಮೊಲೇಫಿ ನಕ್ಕಿದ್ದ. ಮೊಲೇಫಿ ನಿಂತರೆ ಎಲ್ಲರೂ ನಿಲ್ಲುತ್ತಾರೆ ಎಂದು ಅವನಿಗೆ ಗೊತ್ತಿತ್ತು.

“ಕಾಲು ಮುರೀಲಿ ಅಂತಿದ್ದೆ,” ಎಂದ. “ಕಾಲು ಮಾತ್ರ. ಒಬ್ಬನ ಕಾಲು. ಇಷ್ಟು ಜನಕ್ಕೆ ಒಬ್ಬನ ಕಾಲು ಹೋದ್ರೆ ಹೋಗ್ಲಿ ಅಂದ್ಕೊಂಡೆ.”

“ಆಮೇಲೆ ಇವನ ಕಾಲು?” ಎಂದಳು ಮಪಾಲೊ.

ಮೊಹಾಪಿ ತನ್ನ ಕಾಲಿನ ಕಡೆ ಬಗ್ಗಿದ. ತಾನೇ ಬೂಟು ಬಿಚ್ಚಿದ. ನಿಧಾನವಾಗಿ, ಲಾಡಿಯ ಗಂಟು ಬಿಡಿಸಿ ಬಿಡಿಸಿ. ಮುದಿಪಾದಗಳನ್ನು ಮುಂದಕ್ಕೆ ಚಾಚಿ ಕೂತ. ಕಬೇಲೊ ಇಟ್ಟಿಗೆ ಎತ್ತಿಕೊಂಡು ಅವನ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ತಿರುಗಿ, ಅದನ್ನು ಒಲೆಯಲ್ಲಿ ಅದರ ಜಾಗಕ್ಕೇ ಇಟ್ಟು, ಪಾತ್ರೆಯನ್ನು ಮೇಲೆ ಕೂರಿಸಿದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ಮೊಹಾಪಿ, ಹೊಡೆಯಿರಿ ಎಂದು ಕೇಳಿದ. ಎರಡನೆಯ ಸಲವೂ ಕೇಳಿದ. ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ರಟ್ಟಿನ ಕಡೆ ಹೋದರು.

ಮಪಾಲೊ ತಮ್ಮನಿಗೆ ಬೂಟು ತೊಡಿಸಿದಳು.

* * *

ಬೆಳಗಾಗುವಾಗ ಮೊಹಾಪಿ ಇರಲಿಲ್ಲ. ಟ್ರಾಲಿ ಬಿಟ್ಟು ಹೋಗಿದ್ದ. ಅವನನ್ನು ಹುಡುಕಲು ಯಾರೂ ಹೋಗಲಿಲ್ಲ. ಅವನು ಹೆದರಿದ್ದ ಯಂತ್ರಗಳು ಚಳಿಗಾಲ ಮುಗಿಯುವ ಮೊದಲೇ ಬಂದವು. ಅದು ಆಮೇಲಿನ ಮಾತು.

ಅವತ್ತು ಎಂದಿನಂತೆ ಗುಡ್ಡ ಹತ್ತಿದೆವು. ತೊಟ್ಟಿ ಆಯ್ದೆವು. ಚೀಲ ತುಂಬಿದವು. ಕಬೇಲೊ ತನ್ನ ಟ್ರಾಲಿಯನ್ನು ನನ್ನ ಬಳಿ ಬಿಟ್ಟು, ಇವತ್ತು ನಾನು ನಿಲ್ತೀನಿ ಎಂದು ಕಂಬಳಿ ಕಟ್ಟಿಕೊಂಡು ಕೆಳಗಿಳಿದ. ಮೊದಲ ಇಳಿತವನ್ನು ಸೆಲ್ಲೊಗೆ ಬಿಟ್ಟುಕೊಟ್ಟರು. ಅವನು ಎಷ್ಟೋ ದಿನದಿಂದ ಬಯಸಿದ್ದು ಅದು.

ಮೊದಲ ತಿರುವಿನ ತನಕ ಎಲ್ಲರೂ ಟ್ರಾಲಿ ಹಿಡಿದು ನಡೆದೇ ಬಂದೆವು. ಅಲ್ಲಿಂದ ಕಬೇಲೊ ಕಾಣುತ್ತಿದ್ದ. ಎರಡೂ ಕೈ ಎತ್ತಿದ್ದ, ಇನ್ನೂ ಎತ್ತರ ಆಗಲಿ ಎಂದು ಹಿಮ್ಮಡಿಯನ್ನೂ ಎತ್ತಿ ನಿಂತಿದ್ದ. ಸೆಲ್ಲೊ ಹಲಗೆಯ ಮೇಲೆ ಎಡಗಾಲು ಇಟ್ಟ. ಹಿಂದೆ ನಿಂತವರು ಉಸಿರು ಹಿಡಿದರು. ಅವನು ಆ ಕೈಗಳನ್ನು ನೋಡಿದ. ನೋಡುತ್ತಲೇ ಇದ್ದ.

ಆಮೇಲೆ ಕಾಲು ಕೆಳಗಿಟ್ಟ. ಟ್ರಾಲಿಯ ಮುಂದಕ್ಕೆ ಬಂದು, ಚೀಲಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ, ಭಾರ ತಡೆಯುತ್ತ ಹೆಜ್ಜೆ ಹೆಜ್ಜೆಗೂ ಇಳಿಯತೊಡಗಿದ. ಅವನ ಹಿಂದೆ ಇನ್ನೊಬ್ಬ ಹಾಗೇ ಮಾಡಿದ. ಮತ್ತೊಬ್ಬ. ಹಿಂದಿನಿಂದ ಕಾರುಗಳು ಹಾರನ್ ಹೊಡೆದವು. ಮಪಾಲೊ ತಮ್ಮನ ಪಕ್ಕದಲ್ಲಿ ಅವನ ಪಾದಗಳನ್ನೇ ನೋಡುತ್ತ ನಡೆದಳು.

ನಾವು ಒಬ್ಬೊಬ್ಬರಾಗಿ ಕಬೇಲೊನ ಮುಂದೆ ಹಾದುಹೋದೆವು. ಅವನು ಕೈ ಇಳಿಸಿರಲಿಲ್ಲ. ಕೊನೆಯವನಾಗಿ ನಾನು ದಾಟುವಾಗ, ದಾರಿ ಖಾಲಿ ಇದೆ ಅಜ್ಜ, ನಿಜವಾಗಲೂ ಖಾಲಿ ಇದೆ ಎಂದು ಮೆಲ್ಲಗೆ ಹೇಳಿದ.